ಚೀಟಿ ಬರೆದು ಕಳಿಸಬೇಡಿ, ಶಾಲೆಯೊಳಗೇ ಒಂದು ಪೀರಿಯಡ್ ಕೊಡಿ

ಶಾಲೆಗಳನ್ನು ನಡೆಸುವವರಿಗೆ, ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ, ಶಾಲೆಗಳಿಗೆ ಎಷ್ಟು ದುಡ್ಡು ಅಂತ ತೀರ್ಮಾನಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಟೀಚರ್. ಹತ್ತೊಂಬತ್ತು ವರ್ಷವಾಯಿತು. ಮನೋವೈದ್ಯೆ ಅಲ್ಲ, ಕೌನ್ಸೆಲರ್ ಕೂಡ ಅಲ್ಲ. ಆದರೆ ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದ ಮಕ್ಕಳು ಯಾವ ಆಸ್ಪತ್ರೆಗೆ ಹೋಗುವುದಕ್ಕೂ ಮೊದಲು ನನ್ನಂಥವರ ಮುಂದೆ ಬಂದು ಕೂರುತ್ತಾರೆ. ದಿನಕ್ಕೆ ಆರೇಳು ಗಂಟೆ, ವರ್ಷದಲ್ಲಿ ಹೆಚ್ಚುಕಡಿಮೆ ಇನ್ನೂರು ದಿನ. ಆ ಲೆಕ್ಕದ ಮೇಲೆಯೇ ನಿಮಗೆ ಈ ಪತ್ರ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಅವನ ಗುರುತು ಯಾರಿಗೂ ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಅವನಿಗೆ ಬಾಗಿಲ ಪಕ್ಕದ ಬೆಂಚೇ ಬೇಕು. ಬೇರೆ ಕಡೆ ಕೂರಿಸಿದರೆ ಏನಾದರೂ ನೆವ ಮಾಡಿಕೊಂಡು ಮತ್ತೆ ಅಲ್ಲಿಗೇ ಬರುತ್ತಿದ್ದ. ಯಾರಾದರೂ ಬೆಂಚು ಎಳೆದರೆ, ಡಸ್ಟರ್ ಕೆಳಗೆ ಬಿದ್ದರೆ ಬೆಚ್ಚಿಬೀಳುತ್ತಿದ್ದ. ಉಳಿದವರು ನಗುತ್ತಿದ್ದರು. ಬೆಳಗಿನ ಪೀರಿಯಡ್ಡಿನಲ್ಲಿ ಲೆಕ್ಕ ಚೆನ್ನಾಗಿಯೇ ಮಾಡುತ್ತಿದ್ದ. ಮಧ್ಯಾಹ್ನ ಆಗುತ್ತಾ ಬಂದ ಹಾಗೆ ಅವನು ಅವನಾಗಿ ಇರುತ್ತಿರಲಿಲ್ಲ. ಮೂರು ಸಲ ಹೆಸರು ಕರೆದರೆ ಒಮ್ಮೆ ತಲೆ ಎತ್ತುತ್ತಿದ್ದ.

ಒಂದು ದಿನ ನೋಟ್‌ಬುಕ್ ತಿದ್ದುವಾಗ ಅವನ ಪುಸ್ತಕದ ಕೊನೆಯ ಪುಟ ತೆರೆದುಕೊಂಡಿತು. ಪುಟದ ತುಂಬಾ ಬರೀ ಗಂಟೆಗಳು. 12:40, 12:55, 1:10, 1:20, 1:25. ಆಮೇಲೆ 1:30, ಅದರ ಸುತ್ತ ಒಂದು ವೃತ್ತ. ಪೆನ್ನು ಎಷ್ಟು ಒತ್ತಿದ್ದ ಅಂದರೆ ಹಿಂದಿನ ನಾಲ್ಕು ಹಾಳೆಗಳಲ್ಲೂ ಆ ವೃತ್ತ ಮೂಡಿತ್ತು. ಬೆರಳಿಟ್ಟರೆ ಕೈಗೆ ಸಿಗುತ್ತಿತ್ತು.

ನನಗೆ ಸಿಟ್ಟು ಬಂತು. ನನ್ನ ಪಾಠ ಯಾವಾಗ ಮುಗಿಯುತ್ತೆ ಅಂತ ಎಣಿಸುತ್ತಿದ್ದಾನೆ ಅಂದುಕೊಂಡೆ. ತರಗತಿಯ ಹೊರಗೆ ನಿಲ್ಲಿಸಿದೆ. ಡೈರಿಯಲ್ಲಿ ಬರೆದು ಕಳಿಸಿದೆ. ಅವನ ತಂದೆಯನ್ನು ಕರೆಸಿದೆವು. ಅವರು ಬಂದು ಮುಖ್ಯೋಪಾಧ್ಯಾಯರ ರೂಮಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರು. "ನಾನು ನೋಡ್ಕೊಳ್ತೀನಿ ಮೇಡಂ" ಅಂದು ಹೋದರು. ಹುಡುಗ ನಾಲ್ಕು ದಿನ ಶಾಲೆಗೆ ಬರಲಿಲ್ಲ.

ವಿಷಯ ಗೊತ್ತಾಗಿದ್ದು ಪಿ.ಟಿ. ಮೇಷ್ಟ್ರಿಂದ. ಫುಟ್‌ಬಾಲಿಗೆ ಗಾಳಿ ತುಂಬುವ ಕೆಲಸ ಅವರು ಅವನಿಗೆ ವಹಿಸಿದ್ದರು. ಅವನು ಪಂಪ್ ಒತ್ತುತ್ತಿದ್ದ, ಮೇಷ್ಟ್ರು ಸೂಜಿ ಹಿಡಿದುಕೊಂಡಿದ್ದರು. ಇಬ್ಬರ ಕಣ್ಣೂ ಚೆಂಡಿನ ಮೇಲೆ. ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ. ಆಗ ಹುಡುಗ ತಾನಾಗಿಯೇ ಹೇಳಿದನಂತೆ, "ಒಂದೂವರೆಗೆ ಅಪ್ಪನ ಶಿಫ್ಟ್ ಮುಗಿಯುತ್ತೆ ಸರ್. ಮನೇಲಿ ಅಮ್ಮ ಒಬ್ಬಳೇ. ಆಮೇಲೆ ಕ್ಲಾಸಲ್ಲಿ ಏನು ಹೇಳ್ತಾರೋ ನನಗೆ ಕೇಳಿಸಲ್ಲ."

ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು ನನ್ನ ಎದುರು ಕೂತರು. "ಈಗ ಏನ್ ಮಾಡೋದು ಮೇಡಂ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಶಾಲೆಯ ಹತ್ತಿರವೂ ಇರಲಿಲ್ಲ. ಕೊನೆಗೆ ಶಾಲೆ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿತು. ಮಗುವನ್ನು ಆಸ್ಪತ್ರೆಯಲ್ಲಿ ತೋರಿಸಿ ಅಂತ ಒಂದು ಚೀಟಿ ಬರೆದುಕೊಟ್ಟಿತು. ಕೆಳಗೆ ಪೋಷಕರ ಸಹಿಗೆ ಜಾಗ. ಯಾರ ಸಹಿ ಅಂತ ನೀವೇ ಯೋಚಿಸಿ. ಆಸ್ಪತ್ರೆಯ ಸಮಯ ಶಾಲೆಯ ಸಮಯದಲ್ಲೇ. ಹೋಗಬೇಕು ಅಂದರೆ ತಾಯಿ ಒಂದು ದಿನದ ಕೆಲಸ ಬಿಡಬೇಕು, ಯಾಕೆ ಅಂತ ಮನೆಯಲ್ಲಿ ಹೇಳಬೇಕು. ಎರಡು ತಿಂಗಳಾದ ಮೇಲೆ ಅವನ ಜಾಮಿಟ್ರಿ ಬಾಕ್ಸಿನಿಂದ ಕೈವಾರ ತೆಗೆದುಕೊಳ್ಳಲು ಹೋದಾಗ ಸೆಟ್‌ಸ್ಕ್ವೇರಿನ ಕೆಳಗೆ ಆ ಚೀಟಿ ಕಂಡೆ. ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ. ಆ ವರ್ಷ ಮುಗಿಯುವ ಮೊದಲೇ ಹಾಜರಿ ಕಡಿಮೆ ಅಂತ ಅವನ ಹೆಸರು ರಿಜಿಸ್ಟರಿನಿಂದ ಹೋಯಿತು.

ನಾನು ಕೇಳಲು ಹೊರಟಿರುವುದು ಆ ಚೀಟಿಯ ಬಗ್ಗೆಯೇ. ಪೆಟ್ಟು ತಿಂದ ಮಗುವಿಗೆ ಸಹಾಯ ಬೇಕು ಅನ್ನುವುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆ ಸಹಾಯ ಎಲ್ಲಿ ಸಿಗಬೇಕು ಅನ್ನುವಲ್ಲಿ ನಾವು ಎಡವುತ್ತಿದ್ದೇವೆ.

2005ರಲ್ಲಿ ಕತ್ರೀನಾ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತು. ಸುಮಾರು ಒಂದೂಕಾಲು ವರ್ಷ ಆದ ಮೇಲೆ ಅಲ್ಲಿನ ಮಕ್ಕಳಲ್ಲಿ ಒಂದು ಅಧ್ಯಯನ ನಡೆಯಿತು. ಆಘಾತದ ಲಕ್ಷಣ ಇನ್ನೂ ಉಳಿದುಕೊಂಡಿದ್ದ 118 ಮಕ್ಕಳನ್ನು ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಶಾಲೆಯಲ್ಲೇ ಚಿಕಿತ್ಸೆ. ಇನ್ನೊಂದಕ್ಕೆ ಹೊರಗಿನ ಕ್ಲಿನಿಕ್‌ನಲ್ಲಿ. ಎರಡೂ ಒಳ್ಳೆಯ ಚಿಕಿತ್ಸೆಗಳೇ, ಪಡೆದ ಮಕ್ಕಳಲ್ಲಿ ಎರಡರಿಂದಲೂ ಲಕ್ಷಣಗಳು ಕಡಿಮೆಯಾದವು. ಆದರೆ ಶಾಲೆಯ ಗುಂಪಿನಲ್ಲಿ ನೂರಕ್ಕೆ 98 ಮಕ್ಕಳು ಚಿಕಿತ್ಸೆ ಶುರು ಮಾಡಿದರು. ಕ್ಲಿನಿಕ್ಕಿನ ಗುಂಪಿನಲ್ಲಿ ಶುರು ಮಾಡಿದವರು ನೂರಕ್ಕೆ 37. ಈ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅದನ್ನು ಮೊದಲ ಸಲ ಓದಿದಾಗ ನನ್ನ ಕಣ್ಣ ಮುಂದೆ ಬಂದಿದ್ದು ಸೆಟ್‌ಸ್ಕ್ವೇರಿನ ಕೆಳಗಿದ್ದ ಆ ಚೀಟಿ. ಕ್ಲಿನಿಕ್ಕಿನ ಬಾಗಿಲು ತೆರೆದೇ ಇರುತ್ತದೆ, ನಿಜ. ಅಲ್ಲಿಗೆ ಹೋಗಲು ಬಸ್ಸು ಬೇಕು, ರಜೆ ಬೇಕು, ಸಹಿ ಬೇಕು, ಧೈರ್ಯ ಬೇಕು. ಶಾಲೆಗೆ ಮಗು ಹೇಗೂ ಬರುತ್ತದೆ.

ಆ ಮಕ್ಕಳಿಗೆ ಶಾಲೆಯಲ್ಲಿ ಕೊಟ್ಟ ಕಾರ್ಯಕ್ರಮದ ಹೆಸರು ಸಿಬಿಟ್ಸ್. ಲಾಸ್ ಏಂಜಲೀಸ್ ನಗರದ ಸರಕಾರಿ ಶಾಲೆಗಳವರು ಮತ್ತು ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ ಲೀಸಾ ಜೇಕಾಕ್ಸ್, ಬ್ರ್ಯಾಡ್ಲಿ ಸ್ಟೈನ್ ಮುಂತಾದ ಸಂಶೋಧಕರು ಸೇರಿ ಮಾಡಿದ್ದು. ಅದರಲ್ಲಿ ಮಂತ್ರ ಮಾಯ ಏನೂ ಇಲ್ಲ. ಆರೆಂಟು ಮಕ್ಕಳ ಒಂದು ಗುಂಪು. ವಾರಕ್ಕೆ ಒಂದು ಪೀರಿಯಡ್, ಹತ್ತು ವಾರ. ಅದರ ನಡುವೆ ಪ್ರತಿ ಮಗುವಿನ ಜೊತೆ ಒಂದರಿಂದ ಮೂರು ಸಲ ಪ್ರತ್ಯೇಕ ಮಾತುಕತೆ. ತಂದೆ ತಾಯಿಗೆ ಎರಡು ಸಭೆ, ಟೀಚರುಗಳಿಗೆ ಒಂದು. ತರಬೇತಿ ಆದ ಕೌನ್ಸೆಲರ್ ನಡೆಸುತ್ತಾರೆ.

ಒಳಗೆ ಏನು ಮಾಡುತ್ತಾರೆ? ಮೊದಲು, "ನಿನಗೆ ಆಗುತ್ತಿರುವುದು ಹುಚ್ಚಲ್ಲ, ದೊಡ್ಡ ಭಯ ಕಂಡವರಿಗೆ ಹೀಗಾಗುತ್ತದೆ" ಅಂತ ತಿಳಿಸಿ ಹೇಳುತ್ತಾರೆ. ನಿದ್ದೆ ಯಾಕೆ ಬರುವುದಿಲ್ಲ, ಎದೆ ಯಾಕೆ ಹೊಡೆದುಕೊಳ್ಳುತ್ತದೆ ಅನ್ನುವುದನ್ನು ವಿವರಿಸುತ್ತಾರೆ. ಉಸಿರಾಟ ನಿಧಾನ ಮಾಡಿ ಮೈ ಸಡಿಲ ಬಿಡುವುದನ್ನು ಕಲಿಸುತ್ತಾರೆ. "ತಪ್ಪೆಲ್ಲ ನನ್ನದೇ" ಅನ್ನುವಂಥ ಯೋಚನೆ ಬಂದಾಗ ಅದು ನಿಜವಾ ಅಂತ ತಾವೇ ಪರೀಕ್ಷಿಸಿ ನೋಡುವ ಅಭ್ಯಾಸ ಮಾಡಿಸುತ್ತಾರೆ. ಭಯದಿಂದ ಬಿಟ್ಟುಬಿಟ್ಟ ಸಣ್ಣಸಣ್ಣ ಕೆಲಸಗಳಿಗೆ, ಅಪಾಯ ಇಲ್ಲದಂಥವಕ್ಕೆ, ಒಂದೊಂದೇ ಮೆಟ್ಟಿಲಾಗಿ ವಾಪಸ್ ಕರೆತರುತ್ತಾರೆ. ನಡೆದದ್ದನ್ನು ಹೇಳಿಕೊಳ್ಳುವ ಸರದಿ ಆಮೇಲೆ ಬರುತ್ತದೆ. ಅದೂ ಮಗು ತಯಾರಾದ ಮೇಲೆ, ಹೆಚ್ಚಿನದು ಒಬ್ಬರ ಮುಂದೆ ಮಾತ್ರ. 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆರನೇ ತರಗತಿಯ 126 ಮಕ್ಕಳಿದ್ದರು. ಕಣ್ಣಾರೆ ಹಿಂಸೆ ಕಂಡವರು, ಅನುಭವಿಸಿದವರು. ಮೂರು ತಿಂಗಳಾದ ಮೇಲೆ, ಕಾರ್ಯಕ್ರಮಕ್ಕೆ ಇನ್ನೂ ಸರದಿ ಬಾರದ ಮಕ್ಕಳಿಗಿಂತ, ಅದನ್ನು ಪಡೆದ ಮಕ್ಕಳಲ್ಲಿ ಆಘಾತದ ಲಕ್ಷಣಗಳು, ಖಿನ್ನತೆ ಎರಡೂ ಕಡಿಮೆ ಇದ್ದವು.

ಕೌನ್ಸೆಲರ್ ಸಿಗದ ಶಾಲೆಗಳಿಗೆ ಅಂತ ಇದೇ ಕಾರ್ಯಕ್ರಮದ ಇನ್ನೊಂದು ರೂಪವೂ ಇದೆ. ಟೀಚರುಗಳು ತರಬೇತಿ ಪಡೆದು ಹತ್ತು ಪಾಠಗಳಾಗಿ ನಡೆಸುವಂಥದ್ದು. "ನಮ್ಮಲ್ಲಿ ತಜ್ಞರಿಲ್ಲ" ಅನ್ನುವುದು ಕೈಕಟ್ಟಿ ಕೂರಲು ಕಾರಣ ಆಗಬೇಕಿಲ್ಲ ಅಂತ ಇದನ್ನು ಹೇಳಿದೆ.

ಎಲ್ಲ ಮಕ್ಕಳಿಗೂ ಇದು ಬೇಕಾ ಅಂತ ನೀವು ಕೇಳಬಹುದು. ಬೇಡ. ದೊಡ್ಡ ಆಘಾತ ಕಂಡ ಮಕ್ಕಳಲ್ಲಿ ಬಹಳಷ್ಟು ಜನ ತಮ್ಮವರ ಆಸರೆಯಲ್ಲಿ ನಿಧಾನಕ್ಕೆ ಚೇತರಿಸಿಕೊಳ್ಳುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2014ರ ಒಂದು ವಿಶ್ಲೇಷಣೆಯ ಪ್ರಕಾರ, ಆಘಾತಕ್ಕೆ ಸಿಕ್ಕ ಮಕ್ಕಳು ಮತ್ತು ಹದಿಹರೆಯದವರಲ್ಲಿ ಸುಮಾರು ನೂರಕ್ಕೆ 16 ಜನರಿಗೆ ಅದು ಪಿ.ಟಿ.ಎಸ್.ಡಿ. ಎಂಬ ಕಾಯಿಲೆಯಾಗಿ ಉಳಿಯುತ್ತದೆ. ಅಂದರೆ ತಿಂಗಳು ದಾಟಿದರೂ ಆ ದೃಶ್ಯ ಕಣ್ಣ ಮುಂದೆ ಬರುವುದು, ಕೆಟ್ಟ ಕನಸು, ಅದನ್ನು ನೆನಪಿಸುವ ಜಾಗ ಮತ್ತು ಜನರಿಂದ ದೂರ ಓಡುವುದು, ಸಣ್ಣ ಸದ್ದಿಗೂ ಬೆಚ್ಚುವುದು. ಆ ಹದಿನಾರು ಜನ ಯಾರು ಅಂತ ಗುರುತಿಸಲು ಶಾಲೆಗಿಂತ ಒಳ್ಳೆಯ ಜಾಗ ಇಲ್ಲ. ಬೇರೆ ಯಾರು ಈ ಮಕ್ಕಳನ್ನು ದಿನಾ ನೋಡುತ್ತಾರೆ ಹೇಳಿ?

ಆದರೆ ಹದಿಹರೆಯದವರಲ್ಲಿ ಗುರುತಿಸುವುದು ಸುಲಭವೂ ಅಲ್ಲ. ಪುಟ್ಟ ಮಗು ಅಳುತ್ತದೆ, ಸೆರಗು ಹಿಡಿಯುತ್ತದೆ. ಹದಿನಾಲ್ಕರ ಹುಡುಗಿ ಎದುರುತ್ತರ ಕೊಡುತ್ತಾಳೆ. ಹದಿನೈದರ ಹುಡುಗ ಕಿಟಕಿ ಗಾಜು ಒಡೆಯುತ್ತಾನೆ. ಇನ್ನೊಬ್ಬಳು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ, ರಾತ್ರಿಯಿಡೀ ಎಚ್ಚರವಿದ್ದು ಮನೆಯ ಬಾಗಿಲು ಕಾದಿರುತ್ತಾಳೆ. ಮತ್ತೊಬ್ಬ ತೊಂದರೆಯನ್ನೇ ಕೊಡುವುದಿಲ್ಲ, ಸುಮ್ನೆ ಇರುತ್ತಾನೆ. ಇಂಥ ಸುಮ್ಮನಿರುವ ಮಕ್ಕಳೇ ನಮ್ಮ ಕಣ್ಣಿಗೆ ಕೊನೆಗೆ ಬೀಳುವುದು. ನಾವು ಬಳಸುವ ಪದಗಳು ನಿಮಗೂ ಗೊತ್ತು. ಸೋಮಾರಿ, ಉಡಾಳ, ಗಮನ ಇಲ್ಲ, ಮನೆಯಲ್ಲಿ ಮುದ್ದು ಜಾಸ್ತಿ. ನಾನೂ ಬಳಸಿದ್ದೇನೆ.

ಮೈಯೊಳಗೆ ಏನಾಗುತ್ತದೆ ಅನ್ನುವುದು ಗೊತ್ತಾದ ಮೇಲೆ ಆ ಪದಗಳು ನನ್ನ ಬಾಯಿಂದ ಹೊರಡುವುದು ನಿಂತಿತು. ಮಿದುಳಿನ ಒಳಗೆ ಅಮಿಗ್ಡಲಾ ಅಂತ ಬಾದಾಮಿ ಆಕಾರದ ಒಂದು ಭಾಗ ಇದೆ. ಅಪಾಯ ಕಂಡರೆ ಗಂಟೆ ಬಾರಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಗಂಟೆ ಬಾರಿಸಿದ ತಕ್ಷಣ ಅಡ್ರಿನಲಿನ್ ಹರಿಯುತ್ತದೆ, ಎದೆಬಡಿತ ಏರುತ್ತದೆ. ಮೈ ಓಡಲು, ಹೊಡೆದಾಡಲು, ಇಲ್ಲವೇ ಮರಗಟ್ಟಿ ನಿಲ್ಲಲು ತಯಾರಾಗುತ್ತದೆ. ಮತ್ತೆ ಮತ್ತೆ ಭಯ ಕಂಡ ಮಗುವಿನಲ್ಲಿ ಡಸ್ಟರ್ ಬಿದ್ದರೂ ಈ ಗಂಟೆ ಬಾರಿಸುತ್ತದೆ, ದನಿ ಏರಿದರೂ ಬಾರಿಸುತ್ತದೆ. ಯೋಚಿಸಿ ತಡೆಯುವ ಹಣೆಯ ಹಿಂದಿನ ಭಾಗ ಪೂರ್ತಿ ಬೆಳೆಯುವುದು ಇಪ್ಪತ್ತು ದಾಟಿದ ಮೇಲೆ. ಹಾಗಿರುವಾಗ ಭಯದಲ್ಲಿ ಮರಗಟ್ಟಿದ ಹುಡುಗನ ಮುಂದೆ ನಿಂತು "ಈ ಸಮೀಕರಣ ಬಿಡಿಸು" ಅಂತ ನಾನು ಎಷ್ಟು ಜೋರಾಗಿ ಕೂಗಿದರೂ ಅವನಿಗೆ ಕೇಳಿಸುವುದು ಕೂಗು ಮಾತ್ರ. ಸಮೀಕರಣ ಕೇಳಿಸುವುದಿಲ್ಲ.

ಹಾಗಂತ ಟೀಚರುಗಳೇ ಚಿಕಿತ್ಸೆ ಕೊಡಬೇಕು ಅಂತ ಹೇಳುತ್ತಿಲ್ಲ. ನಮ್ಮ ಕೈಲಿ ಆಗುವುದು ಸಣ್ಣದು, ಆದರೆ ದಿನಾ ಆಗುವಂಥದ್ದು. ದಿನದ ಕ್ರಮವನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡುವುದು. ಬದಲಾವಣೆ ಇದ್ದರೆ ಮೊದಲೇ ಹೇಳುವುದು. ಹಿಂದಿನಿಂದ ಬಂದು ಭುಜ ಮುಟ್ಟದಿರುವುದು. ಬಾಗಿಲ ಪಕ್ಕ ಕೂರಬೇಕು ಅಂದರೆ ಕೂರಲು ಬಿಡುವುದು. ತಪ್ಪು ಮಾಡಿದಾಗ ಎಲ್ಲರ ಮುಂದೆ ಬೈಯದೆ ಆಮೇಲೆ ಪಕ್ಕಕ್ಕೆ ಕರೆದು ಮಾತಾಡುವುದು. "ನಿನಗೇನಾಗಿದೆ ರೋಗ" ಅನ್ನುವುದನ್ನು ಬಿಟ್ಟು "ಏನಾಯ್ತಪ್ಪಾ" ಅಂತ ಕೇಳುವುದು. ಬಾಗಿಲ ಬೆಂಚಿನಿಂದ ಆ ಹುಡುಗನನ್ನು ನಾನು ಎಷ್ಟು ಸಲ ಎಬ್ಬಿಸಿದ್ದೆನೋ. ಈಗ ನನ್ನ ತರಗತಿಯಲ್ಲಿ ಯಾರು ಎಲ್ಲಿ ಕೂರಬೇಕು ಅಂತ ನಾನು ಹಟ ಮಾಡುವುದಿಲ್ಲ.

ಇನ್ನು, ಒಳ್ಳೆಯದೇ ಮಾಡುತ್ತಿದ್ದೇವೆ ಅಂದುಕೊಂಡು ಶಾಲೆಗಳು ಮಾಡುವ ಕೆಲವು ಕೆಲಸಗಳಿವೆ. ದಯವಿಟ್ಟು ಅವನ್ನು ನಿಲ್ಲಿಸಿ.

ಪೋಷಕರು ತೀರಿಕೊಂಡ ಮಗುವನ್ನು ಪ್ರಾರ್ಥನೆ ವೇಳೆಯಲ್ಲಿ ಮುಂದೆ ಕರೆದು ನಿಲ್ಲಿಸಿ ಸಮಾಧಾನ ಹೇಳಬೇಡಿ. ಅನಾಹುತ ನಡೆದ ಮಾರನೇ ದಿನವೇ ಮಕ್ಕಳನ್ನು ಸುತ್ತ ಕೂರಿಸಿ "ಏನೇನಾಯಿತು, ಒಬ್ಬೊಬ್ಬರಾಗಿ ಹೇಳಿ" ಅಂತ ಕೇಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯನ್ನು ಹೊರತಂದಿತು. ಅದರ ಸಾರ ಮೂರು ಮಾತು. ನೋಡಿ, ಕೇಳಿಸಿಕೊಳ್ಳಿ, ಬೇಕಾದ ಸಹಾಯದ ಜೊತೆ ಜೋಡಿಸಿ. ನಡೆದದ್ದನ್ನು ಹೇಳು ಅಂತ ಯಾರನ್ನೂ ಒತ್ತಾಯಿಸಬಾರದು ಅಂತ ಅದು ಸ್ಪಷ್ಟವಾಗಿ ಹೇಳುತ್ತದೆ. ಮಾತಾಡಬೇಕು ಅನ್ನಿಸಿದವರ ಮಾತು ಕೇಳಬೇಕು, ಬೇಡ ಅನ್ನಿಸಿದವರ ಪಕ್ಕ ಸುಮ್ಮನೆ ಕೂರಬೇಕು. ನಮ್ಮ ಪಿ.ಟಿ. ಮೇಷ್ಟ್ರು ಆ ಕೈಪಿಡಿಯನ್ನು ಕಂಡವರೇ ಅಲ್ಲ. ಆದರೂ ಪಂಪ್ ಹಿಡಿದು ಅವರು ಮಾಡಿದ್ದು ಅದನ್ನೇ.

ವರ್ಷಕ್ಕೆ ಒಂದು ಸಲ ಯಾರನ್ನೋ ಕರೆಸಿ ಸಭಾಂಗಣದಲ್ಲಿ ಮುನ್ನೂರು ಮಕ್ಕಳನ್ನು ಕೂರಿಸಿ ಮಾಡಿಸುವ ಭಾಷಣವೂ ಬೇಡ. ಆ ಗಂಟೆ, ಆ ದುಡ್ಡು ಎರಡನ್ನೂ ಬೇರೆ ಕಡೆ ಹಾಕಿ. "ನಿಮಗೆ ಯಾರಿಗಾದರೂ ಹೀಗಾಗಿದ್ದರೆ ಕೈ ಎತ್ತಿ" ಅಂತ ಕೇಳಿದವರನ್ನೂ ನಾನು ನೋಡಿದ್ದೇನೆ. ಯಾವ ಮಗು ಎತ್ತುತ್ತದೆ?

ಹಾಗೆಯೇ, ಸಹಾಯ ಸಿದ್ಧ ಇಲ್ಲದೆ ಮಕ್ಕಳ ಕೈಗೆ ಪ್ರಶ್ನೆಗಳ ಫಾರಂ ಕೊಡಬೇಡಿ. "ನನಗೆ ಬದುಕಬೇಕು ಅನ್ನಿಸಲ್ಲ" ಅಂತ ಮಗು ಟಿಕ್ ಹಾಕಿದ ಹಾಳೆ ಬೀರುವಿನಲ್ಲಿ ಕೂತರೆ, ಅದು ಕೇಳದೇ ಇದ್ದದ್ದಕ್ಕಿಂತ ಕೆಟ್ಟದ್ದು.

ಶಿಸ್ತಿನ ವಿಷಯದಲ್ಲಿ ನಿಮ್ಮಲ್ಲಿ ಅನೇಕರಿಗೆ ಆತಂಕ ಇದೆ ಅಂತ ಗೊತ್ತು. ಕರುಣೆ ತೋರಿಸಿದರೆ ಶಾಲೆ ಕೈತಪ್ಪುತ್ತದೆ ಅನ್ನುವ ಆತಂಕ. ಅಮೆರಿಕದ ವಾಷಿಂಗ್ಟನ್ ರಾಜ್ಯದ ವಾಲಾ ವಾಲಾ ಊರಿನಲ್ಲಿ ಲಿಂಕನ್ ಹೈಸ್ಕೂಲ್ ಅಂತ ಒಂದು ಶಾಲೆ ಇದೆ. ಬೇರೆ ಶಾಲೆಗಳಲ್ಲಿ ಸಲ್ಲದ ಮಕ್ಕಳು ಬರುತ್ತಿದ್ದ ಶಾಲೆ. 2010ರಲ್ಲಿ ಅಲ್ಲಿನ ಪ್ರಾಂಶುಪಾಲ ಜಿಮ್ ಸ್ಪೋರ್ಲೆಡರ್ ಶಿಕ್ಷೆಯ ಕ್ರಮವನ್ನೇ ಬದಲಿಸಿದರು. ಜಗಳ ಆದಾಗ ಮೊದಲು ಮಗು ಶಾಂತವಾಗಲು ಸಮಯ, ಆಮೇಲೆ ಏನಾಯಿತು ಅಂತ ಮಾತು, ಆಮೇಲೆ ತಪ್ಪಿಗೆ ತಕ್ಕ ಹೊಣೆ. ಮನೆಗೆ ಕಳಿಸುವ ಬದಲು ಶಾಲೆಯೊಳಗೇ ಒಂದು ಕೋಣೆಯಲ್ಲಿ ಟೀಚರ್ ಜೊತೆ ಕೂರಿಸುತ್ತಿದ್ದರು. ಹಿಂದಿನ ವರ್ಷ ಮಕ್ಕಳನ್ನು ಸಸ್ಪೆಂಡ್ ಮಾಡಿ ಹೊರಗಿಟ್ಟ ದಿನಗಳ ಲೆಕ್ಕ 798. ಮುಂದಿನ ವರ್ಷ ಅದು 135ಕ್ಕೆ ಇಳಿಯಿತು. ಇದು ಒಂದೇ ಶಾಲೆಯ ಕಥೆ, ವೈಜ್ಞಾನಿಕ ಪರೀಕ್ಷೆ ಅಲ್ಲ, ಒಪ್ಪುತ್ತೇನೆ. ಆದರೆ ಶಾಲೆ ಕೈತಪ್ಪಲಿಲ್ಲ ಅನ್ನುವುದಂತೂ ನಿಜ.

ಇಲ್ಲಿ ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. "ಇಡೀ ಶಾಲೆಯನ್ನೇ ಆಘಾತ ಅರಿತ ಶಾಲೆಯಾಗಿ ಮಾಡುತ್ತೇವೆ" ಅನ್ನುವ ಯೋಜನೆಗಳು, ಅಂದರೆ ಶಾಲೆಯ ಎಲ್ಲರೂ ಮಕ್ಕಳ ಆಘಾತವನ್ನು ಅರ್ಥ ಮಾಡಿಕೊಂಡು ನಡೆಯಬೇಕು ಅನ್ನುವಂಥವು, ಈಗ ಬಹಳ ಬಂದಿವೆ. 2019ರಲ್ಲಿ, ಅಧ್ಯಯನಗಳನ್ನು ಒಟ್ಟು ಸೇರಿಸಿ ಪರಿಶೀಲಿಸುವ ಕ್ಯಾಂಪ್‌ಬೆಲ್ ಸಂಸ್ಥೆಯ ಒಂದು ಪರಿಶೀಲನೆ ಇಂಥ ಯೋಜನೆಗಳಿಗೆ ಗಟ್ಟಿ ಪುರಾವೆ ಇದೆಯಾ ಅಂತ ಹುಡುಕಿತು. ಅವರು ಇಟ್ಟ ಮಾನದಂಡಕ್ಕೆ ಹೊಂದುವ ಒಂದು ಅಧ್ಯಯನವೂ ಸಿಗಲಿಲ್ಲ. ಸಣ್ಣ ಗುಂಪಿನಲ್ಲಿ, ಬೇಕಾದ ಮಕ್ಕಳಿಗೆ, ವಾರವಾರ ನಡೆಯುವ ಕೆಲಸಕ್ಕೆ ಪುರಾವೆ ಇದೆ. ಗೋಡೆಗೆ ಅಂಟಿಸುವ ಪೋಸ್ಟರಿಗೆ ಇಲ್ಲ. ನಿಮ್ಮ ಹತ್ತಿರ ಇರುವ ದುಡ್ಡು ಕಡಿಮೆ ಅಂದರೆ ಮೊದಲು ಗುಂಪಿಗೆ ಕೊಡಿ. ಆ ಗುಂಪು ಎಲ್ಲವನ್ನೂ ಸರಿಮಾಡುತ್ತೆ ಅಂತಲೂ ಅಂದುಕೊಳ್ಳಬೇಡಿ. ನ್ಯೂ ಆರ್ಲಿಯನ್ಸ್‌ನಲ್ಲಿ ಚಿಕಿತ್ಸೆ ಮುಗಿದ ಮೇಲೂ ಅನೇಕ ಮಕ್ಕಳಲ್ಲಿ ಲಕ್ಷಣಗಳು ಉಳಿದಿದ್ದವು. ಅಂಥವರಿಗೆ ಮುಂದಿನ ಹಂತದ ವೈದ್ಯರು ಬೇಕು. ಆಗ ಚೀಟಿ ಸಾಲದು. ಜೊತೆಗೆ ಹೋಗುವ ಒಬ್ಬ ಮನುಷ್ಯ ಬೇಕು.

ಆ ಹುಡುಗನ ವಿಷಯದಲ್ಲಿ ನಾವು ಮಾಡಿದ ದೊಡ್ಡ ತಪ್ಪು ತಂದೆಯನ್ನು ಕರೆಸಿದ್ದು. ನಮಗೆ ಗೊತ್ತಿರಲಿಲ್ಲ, ನಿಜ. ಆದರೆ ಗೊತ್ತಿಲ್ಲದೆ ಕರೆಸುವುದೇ ನಮ್ಮ ನಿಯಮ ಆಗಿತ್ತಲ್ಲ. ಮನೆಯಲ್ಲೇ ಅಪಾಯ ಇರುವ ಮಗುವಿಗೆ ಮೊದಲು ಬೇಕಾಗಿರುವುದು ರಕ್ಷಣೆ. ಉಸಿರಾಟದ ಅಭ್ಯಾಸ, ಯೋಚನೆಯ ಅಭ್ಯಾಸ ಎಲ್ಲ ಆಮೇಲೆ. ಇವತ್ತು ರಾತ್ರಿ ಹೊಡೆತ ಬೀಳುತ್ತೆ ಅಂತ ಬೆಚ್ಚುವ ಮಗುವಿನ ಭಯ ಕಾಯಿಲೆ ಅಲ್ಲ, ಅದು ಸರಿಯಾದ ಲೆಕ್ಕ. ಆದ್ದರಿಂದ ಯಾರಿಗೆ ತಿಳಿಸಬೇಕು, ಎಷ್ಟು ಹೊತ್ತಿನೊಳಗೆ, ಮನೆಯವರಿಗೆ ಹೇಳುವ ಮೊದಲು ಏನು ನೋಡಬೇಕು ಅನ್ನುವುದು ಪ್ರತಿ ಶಾಲೆಯಲ್ಲೂ ಒಂದು ಪುಟದಲ್ಲಿ ಬರೆದಿರಬೇಕು. ಅಟೆಂಡರಿನಿಂದ ಹಿಡಿದು ಮುಖ್ಯೋಪಾಧ್ಯಾಯರವರೆಗೆ ಎಲ್ಲರಿಗೂ ಅದು ಗೊತ್ತಿರಬೇಕು. ಮಗು "ಯಾರಿಗೂ ಹೇಳಬೇಡಿ" ಅಂದಾಗ ನಾವು ಭಾವುಕರಾಗಿ ಆಣೆ ಇಡುತ್ತೇವೆ. ಇಡಬಾರದು. "ನಿನ್ನನ್ನು ಕಾಪಾಡಲು ಬೇಕಾದವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ" ಅನ್ನಬೇಕು. ಇದನ್ನು ನನಗೆ ಯಾವ ಶಿಕ್ಷಕ ತರಬೇತಿಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ನಾನು ಕೇಳುವುದು ದಾನ ಅಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರಲ್ಲಿ ಅಂಗೀಕಾರ ಆಯಿತು. ಅದರ 39ನೇ ವಿಧಿ ಓದಿ ನೋಡಿ. ನಿರ್ಲಕ್ಷ್ಯ, ಶೋಷಣೆ, ಹಿಂಸೆ, ಯುದ್ಧಕ್ಕೆ ಸಿಕ್ಕ ಮಗು ದೇಹ ಮತ್ತು ಮನಸ್ಸು ಎರಡರಲ್ಲೂ ಚೇತರಿಸಿಕೊಳ್ಳಲು ಬೇಕಾದ ಎಲ್ಲ ಕ್ರಮವನ್ನೂ ಸರಕಾರಗಳು ತೆಗೆದುಕೊಳ್ಳಬೇಕು ಅಂತ ಅದರಲ್ಲಿದೆ. ಮಗುವಿನ ಆರೋಗ್ಯ, ಸ್ವಾಭಿಮಾನ, ಘನತೆ ಬೆಳೆಯುವಂಥ ವಾತಾವರಣದಲ್ಲಿ ಆ ಚೇತರಿಕೆ ನಡೆಯಬೇಕು ಅಂತಲೂ ಇದೆ. ಜಗತ್ತಿನ ಬಹುತೇಕ ಎಲ್ಲ ದೇಶಗಳೂ ಅದಕ್ಕೆ ಒಪ್ಪಿಗೆ ಕೊಟ್ಟಿವೆ. 28ನೇ ವಿಧಿ ಶಾಲೆಯ ಶಿಸ್ತಿನ ಬಗ್ಗೆ. ಅದು ಮಗುವಿನ ಘನತೆಗೆ ಕುಂದು ತರಬಾರದು ಅನ್ನುತ್ತದೆ.

ಆದ್ದರಿಂದ ಪ್ರತಿ ಹೈಸ್ಕೂಲಿಗೂ ಮಕ್ಕಳಿಗೆ ಮುಖ ಪರಿಚಯ ಇರುವ ಒಬ್ಬ ಕೌನ್ಸೆಲರ್ ಬೇಕು. ವರ್ಷ ಪೂರ್ತಿ ಅಲ್ಲೇ ಇರುವವರು. ಹತ್ತು ಶಾಲೆಗೆ ಒಬ್ಬರು, ತಿಂಗಳಿಗೆ ಒಮ್ಮೆ ಭೇಟಿ ಅಂದರೆ ಆಗುವುದಿಲ್ಲ. ಅಮೆರಿಕದ ಶಾಲಾ ಕೌನ್ಸೆಲರುಗಳ ಸಂಘ 250 ಮಕ್ಕಳಿಗೆ ಒಬ್ಬರು ಇರಬೇಕು ಅನ್ನುತ್ತದೆ. ಅಷ್ಟು ಈಗಲೇ ಆಗದಿದ್ದರೆ ಎಷ್ಟು ಆಗುತ್ತೆ, ಯಾವಾಗ ಆಗುತ್ತೆ ಅಂತ ನೀವು ಬರೆದುಕೊಡಿ. ಅವರಿಗೆ ಒಂದು ಕೋಣೆ ಕೊಡಿ. ಬಾಗಿಲಿಗೆ "ಕೌನ್ಸೆಲಿಂಗ್" ಅಂತ ಬೋರ್ಡ್ ಮಾತ್ರ ಹಾಕಬೇಡಿ. ಎಲ್ಲರ ಕಣ್ಣೆದುರು ಆ ಬೋರ್ಡಿನ ಕೆಳಗೆ ನುಗ್ಗಲು ಹದಿನಾಲ್ಕರ ಮಗುವಿಗೆ ಆಗುವುದಿಲ್ಲ. ಲೈಬ್ರರಿ ಪಕ್ಕದ ಕೋಣೆ ಆದರೆ ಒಳ್ಳೆಯದು. ಪುಸ್ತಕ ತರಲು ಹೋದೆ ಅನ್ನಬಹುದು. ಅಲ್ಲಿ ಬರೆದಿಟ್ಟ ವಿವರಗಳು ಅಂಕಪಟ್ಟಿಯ ಜೊತೆ, ಟಿ.ಸಿ.ಯ ಜೊತೆ ಎಲ್ಲಿಗೂ ಹೋಗಬಾರದು.

ಹಾಜರಿ ಕಡಿಮೆ ಅಂತ ಹೆಸರು ತೆಗೆಯುವ ಮೊದಲು ಯಾಕೆ ಬರುತ್ತಿಲ್ಲ ಅಂತ ಒಬ್ಬರು ಹೋಗಿ ಕೇಳಿ ಬಂದಿರಲೇಬೇಕು ಅನ್ನುವ ನಿಯಮ ಮಾಡಿ. ಆ ಹುಡುಗನ ಮನೆಗೆ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಕೊನೆಯದಾಗಿ ನಮ್ಮ ಬಗ್ಗೆ. ಮಕ್ಕಳು ಹೇಳಿದ್ದನ್ನು ಕೇಳಿಸಿಕೊಂಡು ಅದನ್ನು ಮನೆಗೆ ಹೊತ್ತುಕೊಂಡು ಹೋಗುವ ಟೀಚರುಗಳಿದ್ದಾರೆ. ರಾತ್ರಿ ಅವರಿಗೂ ನಿದ್ದೆ ಬರುವುದಿಲ್ಲ. ಫುಟ್‌ಬಾಲ್ ಘಟನೆಯ ನಂತರ ಪಿ.ಟಿ. ಮೇಷ್ಟ್ರು ಬಹಳ ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಇನ್ನೊಂದು ಹೊಣೆಯನ್ನು ಸುಮ್ನೆ ನಮ್ಮ ತಲೆಗೆ ಕಟ್ಟಿದರೆ ಎರಡೂ ಕೆಡುತ್ತದೆ, ಪಾಠವೂ, ಇದೂ. ಕೆಲಸದ ಸಮಯದಲ್ಲೇ ತರಬೇತಿ ಕೊಡಿ, ಭಾನುವಾರ ಬೇಡ. ಕೇಳಿದ್ದನ್ನು ಇಳಿಸಿಕೊಳ್ಳಲು ನಮಗೂ ಒಬ್ಬರು ಬೇಕು.

ನಮ್ಮ ಶಾಲೆಯಲ್ಲಿ ಮುಂದಿನ ವರ್ಷದ ಟೈಮ್‌ಟೇಬಲ್ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಂಟು, ಒಂಬತ್ತು, ಹತ್ತನೇ ತರಗತಿಗಳಿಗೆ ಬುಧವಾರದ ಮೂರನೇ ಪೀರಿಯಡ್ ಖಾಲಿ ಬಿಟ್ಟಿದ್ದೇನೆ. ಒಬ್ಬೊಬ್ಬ ಟೀಚರ್ ಬಂದು ಅದನ್ನು ನಮಗೆ ಕೊಡಿ ಅಂತ ಕೇಳುತ್ತಿದ್ದಾರೆ, ವಿಜ್ಞಾನಕ್ಕೆ ಒಂದು ಪೀರಿಯಡ್ ಕಡಿಮೆ ಬೀಳುತ್ತಿದೆ. ಇನ್ನೂ ಯಾರಿಗೂ ಕೊಟ್ಟಿಲ್ಲ. ಆ ಚೌಕದಲ್ಲಿ ಯಾರ ಹೆಸರು ಬರೆಯಲಿ ಅಂತ ನಿಮ್ಮಿಂದ ಉತ್ತರ ಬರಬೇಕು. ಅಲ್ಲಿಯವರೆಗೆ ಅದನ್ನು ಪೆನ್ಸಿಲ್‌ನಲ್ಲಿ ಇಟ್ಟಿರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಗಣಿತ ಟೀಚರ್